ಬಾಗಿಲ ಹೊರಗೆ ಕೂತವನು

ಜೂನ್ ೩, ಸೋಮವಾರ

ಇಪ್ಪತ್ತೆಂಟು ವರ್ಷ ಠಾಣೆಯ ದಿನಚರಿ ಬರೆದಿದ್ದೇನೆ. ಯಾರು ಎಷ್ಟು ಗಂಟೆಗೆ ಬಂದರು, ಎಷ್ಟಕ್ಕೆ ಹೋದರು, ಯಾರು ಯಾರ ಹಲ್ಲು ಉದುರಿಸಿದರು, ಎಲ್ಲ. ನನ್ನದೇ ದಿನಚರಿ ಬರೆಯುತ್ತಿರುವುದು ಇದೇ ಮೊದಲು. ನಿದ್ದೆ ಬರುತ್ತಿಲ್ಲವೆಂದು ಹೋದರೆ ಡಾಕ್ಟರು ರಕ್ತದೊತ್ತಡ ನೋಡಿ, ಮಾತ್ರೆ ಬರೆದು, "ತಲೆಯಲ್ಲಿ ಓಡೋದನ್ನ ಕಾಗದದ ಮೇಲೆ ಇಳಿಸಿ" ಎಂದರು. ಹೆಂಡತಿ ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡು ಮಗಳ ಹಳೆಯ ನೋಟ್‌ಬುಕ್ ತಂದು ಮುಂದಿಟ್ಟಳು. ಮೊದಲ ಇಪ್ಪತ್ತು ಪುಟ ರಸಾಯನಶಾಸ್ತ್ರ. ನನ್ನದು ಇಪ್ಪತ್ತೊಂದರಿಂದ.

ಇಂದಿನ ವಿಶೇಷ: ನನ್ನನ್ನು ಹೊಸ ಕೆಲಸಕ್ಕೆ ಹಾಕಿದ್ದಾರೆ. ಆಸ್ಪತ್ರೆಯ ಮನೋರೋಗ ವಿಭಾಗದಿಂದ ಒಬ್ಬರು ನರ್ಸ್ ಬರುತ್ತಾರೆ. ಯಾರೋ ಮನಸ್ಸು ಕೆಟ್ಟು ಕೂಗಾಡುತ್ತಿದ್ದಾರೆ, ಪ್ರಾಣ ಕಳೆದುಕೊಳ್ಳುತ್ತೇನೆ ಅನ್ನುತ್ತಿದ್ದಾರೆ ಎಂದು ಠಾಣೆಗೆ ಫೋನ್ ಬಂದರೆ ಆಕೆ ಮತ್ತು ನಾನು ಒಂದೇ ಜೀಪಿನಲ್ಲಿ ಹೋಗಬೇಕು. ರೈಟರ್ ಇದಕ್ಕೆ ಆಗಲೇ 'ಹುಚ್ಚರ ಜೀಪು' ಎಂದು ಹೆಸರಿಟ್ಟಾಗಿದೆ. ರೈಟರ್ ಅಂದರೆ ನಮ್ಮ ಠಾಣೆಯ ಕಾಗದಪತ್ರವೆಲ್ಲ ಬರೆಯುವವನು. ನನ್ನ ಜೊತೆಗೇ ಕೆಲಸಕ್ಕೆ ಸೇರಿದವನು, ನನ್ನ ಮದುವೆಗೆ ತನ್ನ ಬೂಟು ಎರವಲು ಕೊಟ್ಟವನು. "ಹುಷಾರು ಕಣೋ, ಹೋದವನು ವಾಪಸ್ ಬಾ" ಎಂದ. ಇಡೀ ಠಾಣೆ ನಕ್ಕಿತು. ನಾನೂ ನಕ್ಕೆ.

ನನ್ನನ್ನೇ ಯಾಕೆ ಹಾಕಿದರು ಎಂದು ಕೇಳುವ ಹಾಗಿಲ್ಲ. ದರ್ಜಿಯ ಪ್ರಕರಣದಲ್ಲಿ ನನ್ನ ಮೇಲೆ ವಿಚಾರಣೆ ಬಾಕಿ ಇದೆ. ಸದರಿ ವಿಷಯ ಇಂದು ಬರೆಯುವುದಿಲ್ಲ.

ಜೂನ್ ೪, ಮಂಗಳವಾರ

ಸಿಸ್ಟರ್‌ಗೆ ಮೂವತ್ತು ದಾಟಿರಲಾರದು. ಗಿಡ್ಡ ಆಳು, ಹೆಗಲ ಮೇಲೆ ತನ್ನಷ್ಟೇ ದೊಡ್ಡ ಚೀಲ. ಅದರಲ್ಲಿ ಹಗ್ಗ, ಇಂಜೆಕ್ಷನ್ ಏನಾದರೂ ಇರಬಹುದೆಂದು ನೋಡಿದರೆ ನೀರಿನ ಬಾಟಲಿ, ಬಿಸ್ಕತ್ತು, ಒಂದು ಶಾಲು.

"ದಫೇದಾರ್ರೇ, ಲಾಠಿ ಜೀಪಲ್ಲೇ ಇರ್ಲಿ."

"ಅದು ನನ್ನ ಕೈ ಇದ್ದ ಹಾಗೆ ಸಿಸ್ಟರ್."

"ಹಾಗಾದ್ರೆ ಒಂದು ಕೈ ಜೀಪಲ್ಲಿಟ್ಟು ಬನ್ನಿ."

ನಾಲಿಗೆ ಚುರುಕಾಗಿದೆ.

ಮೊದಲ ಕರೆ ಬಸ್ ಡಿಪೋದಿಂದ. ಚಾಲಕನೊಬ್ಬ ಬೆಳಿಗ್ಗೆಯಿಂದ ಖಾಲಿ ಬಸ್ಸಿನೊಳಗೆ ಕೂತು, ಹತ್ತಿರ ಬಂದವರಿಗೆಲ್ಲ ಜಾಕಿಯ ರಾಡು ತೋರಿಸುತ್ತಿದ್ದ. ನಾನಾಗಿದ್ದರೆ ಹತ್ತು ನಿಮಿಷದ ಕೆಲಸ. ಸಿಸ್ಟರ್ ಹೋಗಿ ಬಾಗಿಲ ಮೆಟ್ಟಿಲ ಮೇಲೆ, ಅವನಿಗೆ ಬೆನ್ನು ಹಾಕಿ ಕೂತುಬಿಟ್ಟರು. ನನಗೆ ದೂರದಲ್ಲಿ, ಅವನಿಗೆ ಕಾಣುವ ಹಾಗೆ, ಟೋಪಿ ತೆಗೆದು ಕೂರಲು ಹೇಳಿದರು. ಕೂತೆ. ಒಂದು ಗಂಟೆ ಐವತ್ತು ನಿಮಿಷ. ಅಷ್ಟರಲ್ಲಿ ಸಿಸ್ಟರ್ ಆಡಿದ ಮಾತು ಹತ್ತು ವಾಕ್ಯ ದಾಟಲಿಲ್ಲ, ಎಣಿಸಿದೆ. ಅದರಲ್ಲೊಂದು ಕೇಳಿ ನಾನು ಅರ್ಧ ಎದ್ದೆ: "ಸಾಯ್ಬೇಕು ಅನ್ನಿಸ್ತಿದೆಯಾ ಅಣ್ಣಾ?"

ಅವನು ಅತ್ತ. ಅತ್ತು ಮುಗಿಸಿ, ರಾಡು ಸೀಟಿನ ಕೆಳಗಿಟ್ಟು, ಇಳಿದು ಬಂದ. ಆಸ್ಪತ್ರೆಗೆ ಕರೆದೊಯ್ದೆವು.

ಬರುವಾಗ ಬೈದೆ. "ಇಲ್ಲದ ಯೋಚನೆ ತಲೆಗೆ ಹಾಕ್ತೀರಲ್ಲ ನೀವು!"

"ಇಲ್ಲದೇ ಇರೋದು ಕೇಳಿದ್ರೆ ಬರಲ್ಲ. ಇರೋದು ಕೇಳಿದ್ರೆ ಹೊರಗೆ ಬರುತ್ತೆ."

ಪುಸ್ತಕದ ಬದನೆಕಾಯಿ. ಅಂತೂ ಇವತ್ತು ಕೆಲಸವಾಯಿತು. ಅದೃಷ್ಟ.

ಜೂನ್ ೭, ಶುಕ್ರವಾರ

ದರ್ಜಿಯ ವಿಷಯ ಬರೆದೇಬಿಡುತ್ತೇನೆ. ಇಲ್ಲದಿದ್ದರೆ ಈ ಪುಸ್ತಕ ತೆರೆದಾಗಲೆಲ್ಲ ಅದೇ ಎದುರು ನಿಲ್ಲುತ್ತದೆ.

ಏಪ್ರಿಲ್ ತಿಂಗಳು. ಎರಡನೆಯ ಮಹಡಿಯ ಮನೆ. ಗಂಡ ಮೂರು ದಿನದಿಂದ ಒಳಗಿನಿಂದ ಚಿಲಕ ಹಾಕಿಕೊಂಡು ಯಾರೋ ಕೊಲ್ಲಲು ಬರುತ್ತಿದ್ದಾರೆಂದು ಕಿರುಚುತ್ತಿದ್ದಾನೆ, ಕೈಯಲ್ಲಿ ಕತ್ತರಿ ಇದೆ ಎಂದು ಹೆಂಡತಿ ಫೋನ್ ಮಾಡಿದಳು. ನಾವು ಮೂವರು ಹೋದೆವು. ಆಕೆಯನ್ನು ಕೆಳಗೆ ನಿಲ್ಲಿಸಿದೆವು. "ಮೂರು ಎಣಿಸ್ತೀನಿ, ತೆಗೀದಿದ್ರೆ ಒಡೀತೀನಿ" ಎಂದೆ. ಎಣಿಸಿದೆ. ಒಡೆದೆ, ಈ ಭುಜದಿಂದಲೇ. ಯಾರೋ ಕೊಲ್ಲಲು ಬರುತ್ತಾರೆಂದು ನಡುಗುತ್ತಿದ್ದವನ ಮನೆಗೆ ಮೂವರು ಗಂಡಸರು ಬಾಗಿಲು ಮುರಿದು ನುಗ್ಗಿದೆವು. ಅವನು ಹಿಂದೆ ಹಿಂದೆ ಹೋದ. ಹಿಂದೆ ಬಾಲ್ಕನಿ.

ಬದುಕಿದ. ಸೊಂಟ ಮತ್ತು ಬಲಗಾಲು ಮುರಿಯಿತು.

ವರದಿಯನ್ನು ರೈಟರ್ ಬರೆದ. 'ಸಿಬ್ಬಂದಿ ತಲುಪುವಷ್ಟರಲ್ಲಿ ಸದರಿ ವ್ಯಕ್ತಿಯು ತಾನೇ ಬಾಗಿಲು ತೆರೆದಿದ್ದು, ಏಕಾಏಕಿ ಬಾಲ್ಕನಿಯತ್ತ ಓಡಿರುತ್ತಾನೆ.' ಚಿಲಕ ಮೊದಲೇ ಮುರಿದಿತ್ತೆಂದು ಇನ್ನೊಂದು ವಾಕ್ಯ ಸೇರಿಸಿ, "ಹಾವೂ ಸಾಯ್ಬೇಕು, ಕೋಲೂ ಮುರೀಬಾರ್ದು" ಎಂದು ನಕ್ಕ. ಕೆಳಗೆ ನಾನು ಸಹಿ ಹಾಕಿದೆ. ಉಳಿದಿಬ್ಬರೂ ಹಾಕಿದರು.

ಬರೆದಾಯಿತು. ಎದೆಯೇನೂ ಹಗುರಾಗಲಿಲ್ಲ. ಡಾಕ್ಟರಿಗೆ ಹೇಳಬೇಕು.

ಜೂನ್ ೧೨, ಬುಧವಾರ

ನಿದ್ದೆ ಇಲ್ಲ. ಕರೆ ಇಲ್ಲ. ಮಗಳು ಇವತ್ತೂ ಕೋಣೆಯಿಂದ ಹೊರಗೆ ಬರಲಿಲ್ಲ. ಪರೀಕ್ಷೆಯಲ್ಲಿ ಫೇಲಾದವಳು ಜಗತ್ತಿನಲ್ಲಿ ಇವಳೊಬ್ಬಳೇ ಅನ್ನುವ ಹಾಗೆ. ಬಾಗಿಲು ಬಡಿದೆ. "ಹತ್ತು ಎಣಿಸ್ತೀನಿ" ಎಂದೆ. ಹೆಂಡತಿ ನನ್ನ ಕೈ ಹಿಡಿದು ನೋಡಿದ ನೋಟ ಚೆನ್ನಾಗಿರಲಿಲ್ಲ.

ಜೂನ್ ೧೯, ಬುಧವಾರ

ನಿವೃತ್ತ ಟೀಚರಮ್ಮ ಒಬ್ಬರಿದ್ದಾರೆ. ಅಟ್ಟದ ಮೇಲೆ ಜನ ಕೂತು ತನ್ನ ಬಗ್ಗೆ ಪಿಸುಗುಡುತ್ತಾರೆಂದು ದಿನಕ್ಕೆ ಹತ್ತು ಸಲ ಠಾಣೆಗೆ ಫೋನ್ ಮಾಡುತ್ತಾರೆ. ವರ್ಷದಿಂದ ನಮಗೆಲ್ಲ ತಮಾಷೆ. "ಅಟ್ಟದೋರಿಗೆ ಸಮನ್ಸ್ ಕಳಿಸಿದೀವಿ ಟೀಚರ್" ಎಂದು ರೈಟರ್ ಫೋನಿಡುತ್ತಿದ್ದ.

ಇವತ್ತು ಹೋದೆವು. ಮನೆ ಒಪ್ಪವಾಗಿತ್ತು. ಮೇಜಿನ ಮೇಲೆ ಸಾಲಾಗಿ ಕೆತ್ತಿಟ್ಟ ಪೆನ್ಸಿಲುಗಳು. ಟೀಚರಮ್ಮ ನನ್ನನ್ನೇ ಕೇಳಿದರು: "ನಿಮಗೆ ಕೇಳಿಸ್ತಿದೆಯೋ ಇಲ್ವೋ, ನಿಜ ಹೇಳಿ." ಸಿಸ್ಟರ್ ಕಡೆ ನೋಡಿದೆ. ಅವರು ಪೆನ್ಸಿಲುಗಳನ್ನು ನೋಡುತ್ತಿದ್ದರು. ಏಣಿ ಹಾಕಿ ಅಟ್ಟ ಹತ್ತಿ, ಟಾರ್ಚು ಬಿಟ್ಟು ಮೂಲೆ ಮೂಲೆ ನೋಡಿ, ಮೈಯೆಲ್ಲ ಧೂಳಾಗಿ ಇಳಿದು ಹೇಳಿದೆ: "ನನಗೆ ಏನೂ ಕೇಳಿಸ್ಲಿಲ್ಲ ಟೀಚರ್. ಆದ್ರೆ ನಿಮಗೆ ಭಯ ಆಗ್ತಿರೋದಂತೂ ನಿಜ."

ಆಕೆ ನನ್ನ ತೋಳಿನ ಧೂಳು ಕೊಡವಿದರು. "ಒಂದು ವರ್ಷದಲ್ಲಿ ಹತ್ತಿ ನೋಡಿದವರು ನೀವೊಬ್ರೇ" ಎಂದರು. ಸಿಸ್ಟರ್ ಹೇಳಿದ ಡಾಕ್ಟರ ಬಳಿಗೆ ನಾಳೆ ಬರಲು ಒಪ್ಪಿದರು.

ಜೀಪಿನಲ್ಲಿ ಸಿಸ್ಟರ್ ಒಂದು ಬಿಸ್ಕತ್ತು ಪ್ಯಾಕೆಟ್ಟು ನನ್ನ ಕಡೆ ಸರಿಸಿದರು. ಠಾಣೆಯಲ್ಲಿ ರೈಟರ್ "ಅಟ್ಟದೋರು ಸಿಕ್ಕಿದ್ರಾ?" ಎಂದು ಕೇಳಿದ. ಯಾಕೋ ನಗು ಬರಲಿಲ್ಲ. ಸುಸ್ತಾಗಿತ್ತು, ಏಣಿ ಹತ್ತಿದ್ದಕ್ಕೇ ಇರಬೇಕು.

ಜೂನ್ ೨೭, ಗುರುವಾರ

ಸಂಜೆ ಮಂಡಿ ನೋವೆಂದು ಮಗಳ ಕೋಣೆಯ ಹೊರಗೆ ಗೋಡೆಗೊರಗಿ ಕೂತೆ. ಕುರ್ಚಿ ದೂರವಿತ್ತು, ಅಷ್ಟೇ. ಅರ್ಧ ಗಂಟೆಯಾದ ಮೇಲೆ ಒಳಗಿನಿಂದ ದನಿ ಬಂತು.

"ಅಪ್ಪಾ, ಯಾಕೆ ಅಲ್ಲಿ ಕೂತಿದೀಯ?"

"ಸುಮ್ನೆ."

"ಬೈಯೋಕಾ?"

"ಇಲ್ಲ."

ಮಂಡಿ ನೀವಿಕೊಂಡೆ. ಆಮೇಲೆ, "ನಂಗೆ ಏನು ಓದಿದ್ರೂ ತಲೆಗೆ ಹೋಗ್ತಿಲ್ಲ ಅಪ್ಪಾ. ಫೇಲಾಗೋಕೆ ಮುಂಚಿಂದ್ಲೂ."

'ಮೊಬೈಲ್ ಬಿಟ್ಟರೆ ಎಲ್ಲ ತಲೆಗೆ ಹೋಗುತ್ತೆ' ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಮಂಡಿ ನೋವಿನಲ್ಲಿ ಮರೆತುಹೋಯಿತು. "ಎಷ್ಟು ದಿನದಿಂದ?" ಎಂದು ಕೇಳಿದೆ. ಹೇಳಿದಳು. ಬಹಳ ದಿನದಿಂದ. ನಾವೆಲ್ಲ ಒಂದೇ ಮನೆಯಲ್ಲಿ ಇದ್ದೆವಲ್ಲ!

ಊಟಕ್ಕೆ ಹೊರಗೆ ಬಂದಳು. ಹೆಂಡತಿ ಬಡಿಸುತ್ತ ಎರಡು ಸಲ ಸೆರಗಿನಿಂದ ಕಣ್ಣೊರೆಸಿಕೊಂಡಳು. ಈರುಳ್ಳಿ ಅಂದಳು. ಇವತ್ತು ಅಡುಗೆಯಲ್ಲಿ ಈರುಳ್ಳಿಯೇ ಇರಲಿಲ್ಲ.

ಜುಲೈ ೩, ಬುಧವಾರ

ವಿಚಾರಣೆಗೆ ದಿನಾಂಕ ಬಂದಿದೆ, ಹದಿನೈದಕ್ಕೆ. ರೈಟರ್ ಮೂರು ಸಲ ಬಂದು ಕೇಳಿದ: "ನನ್ನ ಕೈಬರಹ ಅಂತ ಗೊತ್ತಾಗುತ್ತಲ್ವಾ?" ಗೊತ್ತಾದರೇನು, ಹೇಳಬೇಕಾದ್ದನ್ನು ನಾಲ್ವರೂ ಒಂದೇ ಬಾಯಲ್ಲಿ ಹೇಳಿದರಾಯಿತು ಎಂದೆ. ಅವನು ತಲೆ ಆಡಿಸಿದ. ಈಚೆಗೆ ತೆಳ್ಳಗಾಗಿದ್ದಾನೆ. ತಮಾಷೆಯೂ ಕಮ್ಮಿ. ಹೋಗುವಾಗ ತನ್ನ ಇಂಕ್ ಪೆನ್ನು ನನ್ನ ಜೇಬಿಗೆ ಸಿಕ್ಕಿಸಿ, "ಇಟ್ಕೋ, ನನಗಿನ್ಯಾಕೆ" ಎಂದ. ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ ಅದನ್ನು. ಥ್ಯಾಂಕ್ಸ್ ಹೇಳಿದೆ.

ಜುಲೈ ೮, ಸೋಮವಾರ

ಇವತ್ತೇ ಬರೆಯಬೇಕು. ಅಕ್ಷರ ಹೇಗೆ ಬಂದರೆ ಹಾಗೆ.

ಬೆಳಿಗ್ಗೆ ಹತ್ತೂ ಮುಕ್ಕಾಲು. ಸಿಸ್ಟರ್ ಜೀಪು ತೆಗೆದುಕೊಂಡು ಆಸ್ಪತ್ರೆಯ ಸಭೆಗೆ ಹೋಗಿದ್ದರು. ನಾನು ಠಾಣೆಗೆ ಬಂದರೆ ರೆಕಾರ್ಡ್ ರೂಮಿನ ಮುಂದೆ ಜನ. ರೈಟರ್ ಒಳಗಿನಿಂದ ಬಾಗಿಲು ಹಾಕಿಕೊಂಡಿದ್ದ. ಶಸ್ತ್ರದ ಕಪಾಟಿನಲ್ಲಿ ಒಂದು ಪಿಸ್ತೂಲು ಕಡಿಮೆ ಇತ್ತು. ಇನ್‌ಸ್ಪೆಕ್ಟರ್ ಸಾಹೇಬರ ಮುಖ ಸುಣ್ಣದ ಗೋಡೆಯಾಗಿತ್ತು. ಇಬ್ಬರು ಹಾರೆ ಹಿಡಿದು ನಿಂತಿದ್ದರು.

"ಮೂರು ಎಣಿಸ್ತೀನಿ, ಒಡೆದುಬಿಡಿ" ಎಂದರು ಸಾಹೇಬರು.

"ಬೇಡ ಸಾರ್."

ಇಪ್ಪತ್ತೆಂಟು ವರ್ಷದಲ್ಲಿ ಮೇಲಿನವರಿಗೆ ನಾನು ಹೇಳಿದ ಮೊದಲ 'ಬೇಡ'. ಎಲ್ಲರೂ ತಿರುಗಿ ನೋಡಿದರು.

"ನಾನು ಒಂದ್ಸಲ ಒಡೆದಿದೀನಿ ಸಾರ್. ಏನಾಗುತ್ತೆ ಅಂತ ನನಗೆ ಗೊತ್ತು."

ಹಾಗೆ ಠಾಣೆಯ ನಡುಮಧ್ಯೆ, ಎಲ್ಲರ ಮುಂದೆ, ನನ್ನ ಬಾಯಿಂದಲೇ ಬಂತು. ಸಾಹೇಬರು ನನ್ನನ್ನೇ ನೋಡಿದರು. ಆಮೇಲೆ ಹಾರೆಯವರಿಗೆ ಕೈಸನ್ನೆ ಮಾಡಿದರು. ಇಳಿಸಿದರು.

ಸಿಸ್ಟರ್‌ಗೆ ಫೋನ್ ಮಾಡಿದೆ. "ನಲವತ್ತು ನಿಮಿಷ ಬೇಕು ನನಗೆ. ಎಲ್ಲರನ್ನೂ ದೂರ ಕಳಿಸಿ. ಬಾಗಿಲಿನ ಎದುರು ಬೇಡ, ಗೋಡೆ ಪಕ್ಕ ಕೂತ್ಕೊಳ್ಳಿ. ಮಿಕ್ಕಿದ್ದು ನಿಮಗೆ ಗೊತ್ತಿದೆ ದಫೇದಾರ್ರೇ."

ನನಗೇನು ಗೊತ್ತಿದೆ? ಕೂತೆ.

"ಯಾರು?" ಒಳಗಿನಿಂದ.

"ನಾನೇ ಕಣೋ."

"ಹೋಗು. ನಿನ್ನ ಹುಚ್ಚರ ಜೀಪು ಹತ್ಕೊಂಡು ಹೋಗು."

"ಜೀಪು ಸಿಸ್ಟರ್ ಹತ್ರ ಇದೆ. ನಡ್ಕೊಂಡು ಹೋಗೋಕೆ ಮಂಡಿ ನೋವು."

ಟೋಪಿ ತೆಗೆದು ಪಕ್ಕಕ್ಕಿಟ್ಟೆ. ಆಮೇಲೆ ಕೇಳಿದೆ. ನೇರವಾಗಿ ಕೇಳಿದೆ.

"ಸಾಯ್ಬೇಕು ಅನ್ನಿಸ್ತಿದೆಯೇನೋ?"

ಒಳಗೆ ಕುರ್ಚಿ ಕಿರುಗುಟ್ಟಿತು.

"ಹೂಂ."

"ಎಷ್ಟು ದಿನದಿಂದ?"

ಆಗ ಕಟ್ಟೆ ಒಡೆಯಿತು. ಬೆಳಿಗ್ಗೆ ಎದ್ದರೆ ಬೂಟಿನ ಲೇಸು ಕಟ್ಟಲು ಅರ್ಧ ಗಂಟೆ ಬೇಕಂತೆ. ಊಟದ ರುಚಿ ಹೋಗಿ ತಿಂಗಳುಗಳಾಯಿತಂತೆ. ಮನೆಯಲ್ಲಿ ಎಲ್ಲರೂ ನಗುವಾಗ ತಾನು ಗಾಜಿನ ಆಚೆ ನಿಂತಂತೆ ಇರುತ್ತದಂತೆ. ಇಷ್ಟು ದಿನ ನಮ್ಮನ್ನು ನಗಿಸುತ್ತಿದ್ದವನು ಇವನೇ!

"ಆ ದರ್ಜಿ ಕನಸಲ್ಲಿ ಬರ್ತಾನೆ ಕಣೋ. 'ಬಾಗಿಲು ನಾನು ತೆಗೀಲಿಲ್ಲ, ಯಾಕೆ ಹಾಗೆ ಬರೆದೆ' ಅಂತ ಕೇಳ್ತಾನೆ."

"ಸಹಿ ನಂದು."

"ಬರೆದೋನು ನಾನು."

"ಒಡೆದೋನು ನಾನು. ನೀನು ಬರೀ ಅಕ್ಷರ."

"ಬರೀ ಅಕ್ಷರ ಅಂತೀಯಲ್ಲ, ಆ ಅಕ್ಷರದಿಂದ್ಲೇ ನಿನ್ನ ನೌಕರಿ ಉಳಿದಿರೋದು!"

ಬಾಗಿಲಿನ ಈಚೆ ಆಚೆ ಕೂತು ತಪ್ಪು ನಂದು, ನಂದು ಎಂದು ಜಗಳವಾಡಿದೆವು. ಅವನ ದನಿಗೆ ಕಸುವು ಬಂದದ್ದು ನೋಡಿ ನನಗೆ ಜೀವ ಬಂತು. "ಹದಿನೈದನೇ ತಾರೀಖು ನಾನು ನಿಜ ಹೇಳ್ತೀನಿ" ಎಂದೆ. ಹೇಳಿದ ಮೇಲೆಯೇ ನನಗೂ ಗೊತ್ತಾದದ್ದು, ಹೇಳುತ್ತೇನೆ ಎಂದು.

ಯಾವಾಗಲೋ ಸಿಸ್ಟರ್ ಬಂದು ನನ್ನ ಪಕ್ಕ ನೆಲದ ಮೇಲೆ ಕೂತಿದ್ದರು. ಮುಂದಕ್ಕೆ ಅವರೇ ನೋಡಿಕೊಳ್ಳಲಿ ಎಂದು ಏಳಲು ಹೋದರೆ ಭುಜ ಹಿಡಿದು ಕೂರಿಸಿದರು. ಮೆಲ್ಲಗೆ ಹೇಳಿದರು: "ರೈಟರಣ್ಣಾ, ನಾನು ಜೀಪಿನ ಸಿಸ್ಟರ್. ನೀವು ಈಗಲೇ ಹೊರಗೆ ಬರ್ಬೇಕಿಲ್ಲ. ಅದನ್ನ ಒಂದು ಡ್ರಾಯರ್‌ನಲ್ಲಿಟ್ಟು ಬೀಗ ಹಾಕಿ, ಬೀಗದ ಕೈ ಬಾಗಿಲ ಕೆಳಗಿಂದ ಇವರಿಗೆ ಕೊಡ್ತೀರಾ? ಅಷ್ಟೇ ಸಾಕು ಸದ್ಯಕ್ಕೆ."

ನಾನು ಬಾಗಿಲ ಕೆಳಗಿನ ಸಂದನ್ನೇ ನೋಡುತ್ತ ಕೂತೆ. ನನ್ನ ಇಡೀ ನೌಕರಿ ಆ ಒಂದು ಬೆರಳಗಲದ ಸಂದಿನಲ್ಲಿತ್ತು. ಡ್ರಾಯರ್ ಎಳೆದ ಸದ್ದು. ಬೀಗದ ಸದ್ದು. ಕೊನೆಗೆ ಸಣ್ಣದೊಂದು ಹಿತ್ತಾಳೆ ಬೀಗದ ಕೈ ಕಿರ್ರೆಂದು ನೆಲ ಕೆರೆಯುತ್ತ ಈಚೆ ಬಂತು.

ಹತ್ತು ನಿಮಿಷದ ನಂತರ ಅವನೇ ಚಿಲಕ ತೆಗೆದ. ಸಿಸ್ಟರ್ ಶಾಲು ಹೊದಿಸಿದರು. ಅವನು ನನ್ನ ಎದೆಗೆ ತಲೆಯಿಟ್ಟು, ಎಳೆಗೂಸಿನ ಹಾಗೆ ಬಿಕ್ಕಿದ. ಸಾಹೇಬರು ಗೋಡೆಯ ಕಡೆ ತಿರುಗಿ ಬಹಳ ಹೊತ್ತು ಮೂಗು ಒರೆಸಿಕೊಂಡರು. ಹಾರೆ ಹಿಡಿದವನೊಬ್ಬ ಹೋಗಿ ಎಲ್ಲರಿಗೂ ಟೀ ತಂದ.

ಬದುಕಿದ. ನನ್ನ ಗೆಳೆಯ ಬದುಕಿದ. ಇದನ್ನು ಎರಡು ಸಲ ಬರೆದರೆ ತಪ್ಪಿಲ್ಲ.

ಜುಲೈ ೯, ಮಂಗಳವಾರ

ಅವನನ್ನು ಆಸ್ಪತ್ರೆಯಲ್ಲಿ ನೋಡಿ ಬಂದೆ. ಮಲಗಿದ್ದ. ಅವನ ಹೆಂಡತಿ "ಎಷ್ಟು ದಿನ ಆಗಿತ್ತು ಅಣ್ಣಾ, ಇವರು ಹೀಗೆ ನಿದ್ದೆ ಮಾಡಿ" ಎಂದರು. ಪೆನ್ನು ಕೊಟ್ಟ ದಿನವೇ ನಾನು ಕೇಳಬೇಕಿತ್ತು ಎಂದು ಸಿಸ್ಟರ್ ಬಳಿ ಹೇಳಿಕೊಂಡೆ. "ನಿನ್ನೆ ಕೇಳಿದ್ರಲ್ಲ" ಎಂದರು, ಅಷ್ಟೇ.

ಜುಲೈ ೧೬, ಮಂಗಳವಾರ

ನಿನ್ನೆ ವಿಚಾರಣೆ ಆಯಿತು. ವಿಚಾರಣಾಧಿಕಾರಿ ಕನ್ನಡಕದ ಮೇಲಿಂದ ನೋಡಿ ಕೇಳಿದರು: "ನೀವು ಹೋದಾಗ ಬಾಗಿಲು ಯಾರು ತೆಗೆದರು?"

"ಯಾರೂ ತೆಗೀಲಿಲ್ಲ ಸಾರ್. ನಾನು ಒಡೆದೆ. ವರದಿಯಲ್ಲಿರೋದು ಸುಳ್ಳು."

ಪೆನ್ನು ನಿಂತಿತು. "ಯೋಚನೆ ಮಾಡಿ ಹೇಳ್ತಿದೀರಾ?"

"ಮೂರು ತಿಂಗಳಿಂದ ಅದನ್ನೇ ಮಾಡ್ತಿದೀನಿ ಸಾರ್."

ರೈಟರ್ ಆಸ್ಪತ್ರೆಯಿಂದಲೇ ತನ್ನ ಕೈಯಾರೆ ಎರಡು ಪುಟ ಬರೆದು ಕಳಿಸಿದ್ದ. ಎಂಥ ದುಂಡಗಿನ ಅಕ್ಷರ! ಉಳಿದಿಬ್ಬರಲ್ಲಿ ಒಬ್ಬ ನನ್ನೊಂದಿಗೆ ಮಾತು ಬಿಟ್ಟಿದ್ದಾನೆ. ಇನ್ನೊಬ್ಬ ಹೊರಗೆ ಬಂದು, ನನ್ನ ಕೈ ಹಿಡಿದು ಬಿಟ್ಟ.

ಶಿಕ್ಷೆ ಇದ್ದೇ ಇದೆ. ಹೆಡ್ ಕಾನ್‌ಸ್ಟೇಬಲ್‌ನ ತೋಳಪಟ್ಟಿ ಹೋಗಬಹುದು ಎಂದು ಸಾಹೇಬರು ಹೇಳಿದರು. ಮನೆಗೆ ಬಂದು ಯೂನಿಫಾರ್ಮಿನಲ್ಲೇ ಅಡ್ಡಾದವನು ಎಚ್ಚರವಾದಾಗ ಹೊದಿಕೆ ಇತ್ತು, ಕಿಟಕಿಯಲ್ಲಿ ಇವತ್ತಿನ ಬಿಸಿಲಿತ್ತು.

ಜುಲೈ ೨೪, ಬುಧವಾರ

ಪಟ್ಟಿ ಹೋಯಿತು. ಇಪ್ಪತ್ತು ವರ್ಷದ ಕೆಳಗಿದ್ದ ಕಾನ್‌ಸ್ಟೇಬಲ್ ಈಗ ಮತ್ತೆ ನಾನು. ಜೀಪಿನ ಕೆಲಸ ಮಾತ್ರ ನನಗೇ ಉಳಿಯಿತು. ಅದು ಸಿಸ್ಟರ್ ಬರೆದ ಕಾಗದದ ಕೆಲಸವೆಂದು ಗುಮಾನಿ. ಅವರು ಇನ್ನೂ ದಫೇದಾರ್ರೇ ಅಂತಲೇ ಕರೆಯುತ್ತಾರೆ. ತಿದ್ದಿದರೆ ಕೇಳುವುದಿಲ್ಲ.

ದರ್ಜಿಯ ಮನೆಗೆ ಹೋಗಿದ್ದೆ. ಮೊದಲು ಅವನ ಹೆಂಡತಿಯ ಮೂಲಕ ಕೇಳಿಸಿ, ಬರಬಹುದು ಎಂದ ಮೇಲೆ, ಯೂನಿಫಾರ್ಮಿಲ್ಲದೆ. ಕಾಲಿನಲ್ಲಿ ತುಳಿಯಲು ಆಗುವುದಿಲ್ಲವೆಂದು ಹೊಲಿಗೆ ಯಂತ್ರಕ್ಕೆ ಮೋಟಾರು ಹಾಕಿಸಿಕೊಂಡಿದ್ದಾನೆ. ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ, ಕಣ್ಣು ನಿಚ್ಚಳವಾಗಿತ್ತು. ತಪ್ಪಾಯಿತು ಎಂದೆ. ಹೊಲಿಯುತ್ತಲೇ ಇದ್ದ.

"ಅವತ್ತು ಮೂರು ಎಣಿಸಿದ್ರಲ್ಲ, ಎರಡು ಅನ್ನುವಾಗ ನಾನು ಚಿಲಕದ ಮೇಲೆ ಕೈ ಇಟ್ಟಿದ್ದೆ."

ಇನ್ನು ಆ 'ಎರಡು' ನನ್ನ ಜೊತೆಯೇ ಇರುತ್ತದೆ.

ದಾರ ಕಡಿದು ಅವನೇ ಮುಂದುವರಿಸಿದ. "ಕಾಗದದಲ್ಲಿ ನಾನೇ ಬಾಗಿಲು ತೆಗೆದೆ ಅಂತಿತ್ತು. ತಲೆ ಸರಿಯಿಲ್ಲದೋನು ಅಂತ ಎಲ್ಲರೂ ಹೇಳುವಾಗ ನನಗೂ ಅನುಮಾನ ಬಂದಿತ್ತು, ನಾನೇ ತೆಗೆದಿದ್ನೇನೋ ಅಂತ. ನನ್ನ ಕಣ್ಣನ್ನೇ ನಾನು ನಂಬ್ತಿರ್ಲಿಲ್ಲ. ನೀವು ಹೇಳಿದ್ಮೇಲೆ ಗೊತ್ತಾಯ್ತು, ನನಗೆ ನೆನಪಿದ್ದದ್ದೇ ಸರಿ." ಬಟ್ಟೆ ತಿರುಗಿಸಿಟ್ಟು, "ಅದೊಂದು ವಾಪಸ್ ಕೊಟ್ರಿ" ಎಂದ.

ಕ್ಷಮಿಸಿದ್ದೇನೆ ಎನ್ನಲಿಲ್ಲ. ಎನ್ನಬೇಕಾಗಿಯೂ ಇರಲಿಲ್ಲ. ಹೊರಡುವಾಗ ನನ್ನ ಅಂಗಿಯ ತೋಳು ನೋಡಿ, "ಹೊಲಿಗೆ ಬಿಟ್ಟಿದೆ, ಬಿಚ್ಚಿ ಕೊಡಿ" ಎಂದ. ಬನಿಯನ್ನಿನಲ್ಲಿ ಕೂತು ಕಾದೆ.

ಆಗಸ್ಟ್ ೩, ಶನಿವಾರ

ಹತ್ತು ದಿನದಿಂದ ಬರೆದಿಲ್ಲ. ರಾತ್ರಿಯಾದರೆ ನಿದ್ದೆ ಬಂದುಬಿಡುತ್ತದೆ.

ಇದನ್ನು ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಬರೆಯುತ್ತಿದ್ದೇನೆ. ನಾನಾಗಿ ಕರೆತಂದದ್ದಲ್ಲ. ನಿನ್ನೆ ಮಗಳೇ ಕೇಳಿದಳು, "ಅಪ್ಪಾ, ನಿಮ್ಮ ಸಿಸ್ಟರ್ ಹತ್ರ ನಾನೂ ಮಾತಾಡ್ಬಹುದಾ?" ಸಿಸ್ಟರ್ ತಮಗಿಂತ ಹಿರಿಯರೊಬ್ಬರನ್ನು ಗೊತ್ತುಮಾಡಿದರು. ಇವತ್ತು ಅವಳೇ ತಲೆ ಬಾಚಿಕೊಂಡು ನನಗಿಂತ ಮೊದಲು ಮೆಟ್ಟಿಲಿಳಿದು ನಿಂತಿದ್ದಳು. ಸಿಸ್ಟರನ್ನು ಕರೆತರಲು ಹೋಗುವ ಜೀಪಿನಲ್ಲೇ ಬಂದೆವು. ದಾರಿಯಲ್ಲಿ ರೈಟರ್ ಸಿಕ್ಕಿದ. ಅವನದೂ ಇವತ್ತೇ ಡಾಕ್ಟರ ಭೇಟಿ. "ಹುಚ್ಚರ ಜೀಪಲ್ಲಿ ಜಾಗ ಇದೆಯೇನೋ?" ಎಂದ. ಮಗಳು ನಕ್ಕಳು. ಹಿಂದಿನ ಸೀಟಿನಲ್ಲಿ ಅವನಿಗೆ ಜಾಗ ಬಿಟ್ಟು ಸರಿದಳು.

ಮಗಳು ಒಳಗೆ ಹೋಗಿ ಮುಕ್ಕಾಲು ಗಂಟೆಯಾಯಿತು. ಗೋಡೆ ತೆಳು. ಅವಳ ದನಿ ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ. ಒಂದು ಸಲ ಅತ್ತಳು. ಈಗ ಏನೋ ಬಹಳ ಅವಸರದಲ್ಲಿ ಹೇಳುತ್ತಿದ್ದಾಳೆ, ಚಿಕ್ಕವಳಿದ್ದಾಗ ಶಾಲೆಯಿಂದ ಬಂದವಳೇ ಚೀಲ ಇಳಿಸದೆ ಹೇಳುತ್ತಿದ್ದಳಲ್ಲ, ಹಾಗೆ.

ನಾನು ಇಪ್ಪತ್ತೆಂಟು ವರ್ಷ ಊರಿನವರೆಲ್ಲರ ಹೇಳಿಕೆ ಬರೆದುಕೊಂಡವನು. ಒಳಗೆ ಏನು ಹೇಳುತ್ತಿದ್ದಾಳೋ ನನಗೆ ಗೊತ್ತಿಲ್ಲ. ಅವಳು ಹೇಳಿದರೆ ಕೇಳುತ್ತೇನೆ. ಹೇಳದಿದ್ದರೆ, ದಾರಿಯಲ್ಲಿ ಇಬ್ಬರೂ ಎಲ್ಲಾದರೂ ಕೂತು ಟೀ ಕುಡಿದು ಮನೆಗೆ ಹೋಗುತ್ತೇವೆ.